ಆರ್ಥಾಸ್ ಕೆಟ್ಟಿದ್ದು ಯಾವ ಮಿಷನ್‌ನಾಗ?

ಗೇಮ್ ಆಡೋ ಹುಡುಗರು ನಾಲ್ಕು ಮಂದಿ ಕೂಡಿದರ ಒಂದು ವಾದ ಮುಗಿಯೂದೇ ಇಲ್ಲ: ಆರ್ಥಾಸ್ ಕೆಟ್ಟಿದ್ದು ಯಾವಾಗ? ಬಹಳ ಮಂದಿಯ ಉತ್ತರ, ‘ಫ್ರಾಸ್ಟ್‌ಮೋರ್ನ್ ಕತ್ತಿ ಹಿಡಿದಾಗ’. ಶಾಪದ ಕತ್ತಿ, ಆತ್ಮ ನುಂಗಿತು, ಕಥಿ ಮುಗೀತು. ಆದರೆ ಮಿಷನ್‌ಗಳನ್ನು ಸಾಲಾಗಿ ಇಟ್ಟು ನೋಡಿದರೆ ಬೇರೆಯದೇ ಕಾಣುತ್ತದೆ.

ಆಡದೇ ಇದ್ದವರಿಗೆ ಸ್ವಲ್ಪ ಹಿನ್ನೆಲೆ. 2002ರಲ್ಲಿ ಬ್ಲಿಝಾರ್ಡ್ ಕಂಪನಿ ತಂದ ಆಟ ‘ವಾರ್‌ಕ್ರಾಫ್ಟ್ 3’. ಆರ್ಥಾಸ್ ಲಾರ್ಡೆರಾನ್ ರಾಜ್ಯದ ಯುವರಾಜ, ರಾಜ ಟೆರೆನಾಸನ ಮಗ. ಉಥರ್ ಎಂಬ ಗುರುವಿನ ಕೈಯಲ್ಲಿ ಪಳಗಿದ ಪಾಲಡಿನ್, ಅಂದರೆ ಧರ್ಮಯೋಧ. ರಾಜ್ಯದ ಧಾನ್ಯದಲ್ಲಿ ಶತ್ರುಗಳು ರೋಗ ಬೆರೆಸಿರುತ್ತಾರೆ. ಆ ಕಾಳು ತಿಂದವರು ಸತ್ತು, ಮತ್ತೆ ಎದ್ದು, ಶತ್ರುವಿನ ಸೈನಿಕರಾಗುತ್ತಾರೆ. ತನ್ನ ಜನರನ್ನು ಉಳಿಸಬೇಕು ಎನ್ನುವುದೊಂದೇ ಆರ್ಥಾಸನ ಆಸೆ. ಆ ಆಸೆಯಲ್ಲಿ ಒಂದಿಷ್ಟೂ ಸುಳ್ಳಿಲ್ಲ. ಕಥೆಯ ಕುತ್ತು ಇರುವುದೇ ಅಲ್ಲಿ.

ಈಗ ಹೆಜ್ಜೆ ಎಣಿಸೋಣ. ಒಂದು: ಸ್ಟ್ರಾಥೋಮ್ ಪಟ್ಟಣಕ್ಕೆ ಆ ಧಾನ್ಯ ಆಗಲೇ ಹಂಚಿಹೋಗಿದೆ. ಜನ ಇನ್ನೂ ಬದುಕಿದ್ದಾರೆ, ಆದರೆ ಬದಲಾಗಲಿದ್ದಾರೆ. ಊರನ್ನೇ ಕೊಲ್ಲಬೇಕು ಅಂತಾನ ಆರ್ಥಾಸ್. ಉಥರ್ ಒಪ್ಪುವುದಿಲ್ಲ. ಗುರುವನ್ನೇ ದ್ರೋಹಿ ಅಂದು ಹೊರಗೆ ಹಾಕುತ್ತಾನೆ. ಎರಡು: ಅವನನ್ನು ಪ್ರೀತಿಸಿದ ಜೈನಾ ನೋಡಲಾರದೆ ಹೊರಟುಹೋಗುತ್ತಾಳೆ. ಮೂರು: ಶತ್ರುವನ್ನು ಬೆನ್ನಟ್ಟಿ ಹಿಮದ ನಾಡು ನಾರ್ತ್‌ರೆಂಡ್‌ಗೆ ಹೋದಾಗ, ಸೈನ್ಯ ವಾಪಸು ಬರಲಿ ಎಂದು ಅಪ್ಪನ ಆದೇಶ ಬರುತ್ತದೆ. ಸೈನಿಕರು ಊರಿಗೆ ಹೋಗಬಾರದೆಂದು ಕೂಲಿ ಪಡೆಯಿಂದ ತನ್ನ ಹಡಗುಗಳನ್ನೇ ಸುಡಿಸುತ್ತಾನೆ, ಆಮೇಲೆ ತಪ್ಪು ಅವರ ಮೇಲೇ ಹೊರಿಸಿ ಕೊಲ್ಲಿಸುತ್ತಾನೆ. ನಾಲ್ಕು: ಕತ್ತಿಯ ಮುಂದೆ ನಿಂತಾಗ ಗೆಳೆಯ ಮುರಾದಿನ್ ಅಲ್ಲಿರುವ ಬರಹ ಓದಿ, ಇದು ಶಾಪದ ಕತ್ತಿ, ಬಿಟ್ಟುಬಿಡು ಅಂತಾನ. ಅವನೂ ಅಲ್ಲೇ ಬೀಳುತ್ತಾನೆ. ಕತ್ತಿ ಕೈಗೆ ಬರುತ್ತದೆ. ಊರಿಗೆ ಮರಳಿದ ಮಗ ಸಿಂಹಾಸನದ ಮೇಲಿದ್ದ ಅಪ್ಪನನ್ನೇ ಇರಿಯುತ್ತಾನೆ.

ಗಮನಿಸಿ: ಪ್ರತಿ ಹೆಜ್ಜೆಗೂ ಒಂದು ಒಳ್ಳೆಯ ಕಾರಣ ಇತ್ತು, ಮತ್ತು ಪ್ರತಿ ಹೆಜ್ಜೆಗೂ ‘ಬ್ಯಾಡ’ ಅನ್ನೋ ಒಬ್ಬರು ಕಡಿಮೆಯಾದರು. ಗುರು, ಗೆಳತಿ, ಅಪ್ಪ, ಗೆಳೆಯ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಗೊತ್ತಿರೋ ಕಥೆ. ನೆಗೆಟಿವ್ ಫೀಡ್‌ಬ್ಯಾಕ್ ಇದ್ದರೆ ಔಟ್‌ಪುಟ್ ದಾರಿ ತಪ್ಪಿದಾಗ ಎರರ್ ಸಿಗ್ನಲ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಆ ವೈರ್ ಕಿತ್ತರೆ ಸಣ್ಣ ತಪ್ಪನ್ನು ತೋರಿಸಿ ತಿದ್ದೋರು ಯಾರೂ ಇರೂದಿಲ್ಲ, ಅದು ಬೆಳೀತಾನೇ ಹೋಗತದ. ಫ್ರಾಸ್ಟ್‌ಮೋರ್ನ್ ಮಾಡಿದ್ದು ಕೊನೆಯ ಕೆಲಸ ಅಷ್ಟೇ. ವೈರ್‌ಗಳನ್ನು ಆರ್ಥಾಸ್ ತನ್ನ ಕೈಯಾರೆ ಕಿತ್ತಿದ್ದ.

ಇದನ್ನು ಸಿನಿಮಾಕ್ಕಿಂತ ಗೇಮ್ ಚೆನ್ನಾಗಿ ಹೇಳುತ್ತದೆ, ಯಾಕಂದ್ರ ಮೌಸ್ ನಮ್ಮ ಕೈಯಲ್ಲಿ ಇರತದ. ಸ್ಟ್ರಾಥೋಮ್ ಮಿಷನ್‌ನಲ್ಲಿ ಲೆಕ್ಕ ಓಡುತ್ತಿರುತ್ತದೆ. ಮಾಲ್‌ಗಾನಿಸ್ ಎಂಬ ರಾಕ್ಷಸ ನೂರು ಮಂದಿಯನ್ನು ತನ್ನವರನ್ನಾಗಿ ಮಾಡುವ ಮೊದಲು ನಾವು ನೂರರ ಲೆಕ್ಕ ಮುಗಿಸಬೇಕು. ಎರಡು ನಿಮಿಷದಲ್ಲಿ ‘ಇದು ಸರಿಯೇ’ ಎಂಬ ಪ್ರಶ್ನೆ ಮರೆತು ‘ಎಷ್ಟಾತು’ ಅಂತ ನೋಡೋಕೆ ಶುರು ಮಾಡಿರತೀವಿ. ಗೇಮ್ ನಮ್ಮನ್ನೂ ಆರ್ಥಾಸ್ ಮಾಡಿಬಿಟ್ಟಿರತದ.

ಇದು ಬರೀ ಪರದೇಶದ ಕಥೆ ಅಲ್ಲ. ನವಲಗುಂದದ ಜಮಖಾನಗಳಲ್ಲಿ ಪಗಡೆ ಹಾಸಿನ ವಿನ್ಯಾಸ ನೇಯುತ್ತಾರೆ. ಆ ಪಗಡೆಯನ್ನು ನೋಡಿದರೆ ನೆನಪಾಗುವವನು ಧರ್ಮರಾಯ. ಶಕುನಿಯ ದಾಳ ಅವನ ಅಪ್ಪನ ಎಲುಬಿನಿಂದ ಮಾಡಿದ್ದು ಅಂತ ಜನ ಹೇಳತಾರ, ಅಂದರೆ ಅದೂ ಶಾಪದ ವಸ್ತುವೇ. ಇದೇ ಧಾರವಾಡ ಜಿಲ್ಲೆಯ ಕೋಳಿವಾಡದ ಕುಮಾರವ್ಯಾಸ ಕನ್ನಡದಲ್ಲಿ ಹೇಳಿದ ಭಾರತದಲ್ಲೂ ಈ ಜೂಜು ಬರುತ್ತದೆ. ಧರ್ಮರಾಯ ಮೊದಲು ಇಟ್ಟಿದ್ದು ಸಂಪತ್ತು. ಆಮೇಲೆ ರಾಜ್ಯ, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ. ವಿದುರ ಬೇಡವೆಂದ, ಯಾರೂ ಕೇಳಲಿಲ್ಲ. ಧೃತರಾಷ್ಟ್ರ ಎಲ್ಲವನ್ನೂ ತಿರುಗಿ ಕೊಟ್ಟ ಮೇಲೂ ಧರ್ಮರಾಯ ಮತ್ತೆ ಬಂದು ಕೂತ. 12 ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ ಬಂದದ್ದು ಆ ಎರಡನೇ ಆಟದಿಂದ. ಸೋತಿದ್ದಕ್ಕಿಂತ ಮತ್ತೆ ಕೂತಿದ್ದು ದೊಡ್ಡದು.

ಇಳಿದವರ ಕಥೆಯೂ ನಮ್ಮ ಕಡೆಗೇ ಐತಿ. ಬೆಣ್ಣಿಹಳ್ಳದ ದಂಡೆಯ ಯಮನೂರಿನಲ್ಲಿ ರಾಜಾ ಬಾಗ್‌ಸವಾರರ ದರ್ಗಾ ಇದೆ. ಹಿಂದೂಗಳು ಅವರನ್ನೇ ಚಾಂಗದೇವ ಅಂತಾರ. ಜಾತ್ರೆಗೆ ಎರಡೂ ಕಡೆಯವರು ಬರುತ್ತಾರೆ. ಬಾಗ್‌ಸವಾರ ಅಂದರೆ ಹುಲಿ ಏರಿದವ. ಕಥೆ ಹೀಗಿದೆ: ಮಹಾಯೋಗಿ ಚಾಂಗದೇವ ತನ್ನ ಶಕ್ತಿ ತೋರಿಸಲು ಹುಲಿ ಏರಿ, ಹಾವನ್ನೇ ಚಾಟಿ ಮಾಡಿಕೊಂಡು ಜ್ಞಾನೇಶ್ವರನ ಕಡೆ ಹೊರಟ. ಎದುರುಗೊಳ್ಳಲು ಜ್ಞಾನೇಶ್ವರ ಮತ್ತು ಒಡಹುಟ್ಟಿದವರು ತಾವು ಕೂತಿದ್ದ ಗೋಡೆಯನ್ನೇ ನಡೆಸಿಕೊಂಡು ಬಂದರು. ಚಾಂಗದೇವ ಹುಲಿಯಿಂದ ಇಳಿದ. ಆಮೇಲೆ ಆ ಮನೆಯ ಚಿಕ್ಕ ಹುಡುಗಿ ಮುಕ್ತಾಬಾಯಿಯನ್ನೇ ಗುರು ಅಂತ ಒಪ್ಪಿದ. ಶಕ್ತಿ ಅವನಿಗೂ ಇತ್ತು, ಸೊಕ್ಕೂ ಇತ್ತು. ಆರ್ಥಾಸನಿಗೂ ಅವನಿಗೂ ಇದ್ದ ವ್ಯತ್ಯಾಸ ಒಂದೇ: ತನಗಿಂತ ಸಣ್ಣವರ ಮಾತೂ ಅವನ ಕಿವಿಗೆ ಬಿತ್ತು.

ನಮ್ಮ ಕೈಯಲ್ಲಿ ಫ್ರಾಸ್ಟ್‌ಮೋರ್ನ್ ಇಲ್ಲ, ಫೋನ್ ಐತಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿತು. ಆದರೆ ಕಾನೂನು ಹೊರಗಿನ ಬೇಲಿ. ‘ಕಳಕೊಂಡ ಐನೂರು ವಾಪಸು ಬಂದರ ಸಾಕು’ ಅನ್ನುವುದು ಧರ್ಮರಾಯನ ಎರಡನೇ ಆಟ. ‘ಫೀಸಿನ ರೊಕ್ಕ, ಮನಿಯವರಿಗೆ ಹೇಳೂದು ಬ್ಯಾಡ’ ಅನ್ನುವುದು ಹಡಗು ಸುಟ್ಟಂಗ. ರೂಮ್‌ಮೇಟ್ ಕೇಳಿದಾಗ ಸಿಟ್ಟು ಬಂತು ಅಂದರೆ ಉಥರ್ ಹೊರಗೆ ಹೋದ ಅಂತಲೇ ಲೆಕ್ಕ.

ಕೆಡುವಾಗ ಕೆಡುತ್ತಿದ್ದೇನೆ ಅಂತ ಯಾರಿಗೂ ಅನಿಸುವುದಿಲ್ಲ, ಆರ್ಥಾಸನಿಗೂ ಅನಿಸಲಿಲ್ಲ. ಅದಕ್ಕೆ ‘ನಾನು ಒಳ್ಳೆಯವನೇ?’ ಅಂತ ತನ್ನನ್ನೇ ಕೇಳಿಕೊಂಡು ಉಪಯೋಗ ಇಲ್ಲ, ಉತ್ತರ ಯಾವಾಗಲೂ ಹೌದು ಅಂತಲೇ ಬರತದ. ಕೇಳಬೇಕಾದ್ದು ಬೇರೆ: ನನಗೆ ಬ್ಯಾಡ ಅನ್ನೋ ಧೈರ್ಯ ಇರೋರು ಈ ಸೆಮಿಸ್ಟರ್‌ನಲ್ಲಿ ಎಷ್ಟು ಮಂದಿ ಉಳಿದಾರ? ಆ ಸಂಖ್ಯೆ ಇಳೀತಿದ್ದರ, ಹುಲಿ ಮ್ಯಾಲಿಂದ ಇಳಿಯೋ ಹೊತ್ತು ಆಗೇತಿ.