ಕಚ್ಚದ ಮೆಟ್ಟು
ಬೇಸಿಗೆಯ ತೋಟದ ಕೆಲಸಕ್ಕೆ ಪಾದರಕ್ಷೆಯ ವಿಚಾರ

ಬೇಸಿಗೆ ಬಂತೆಂದರೆ ತೋಟದವರಿಗೆ ಬಿಡುವು ಎಂದು ಪೇಟೆಯವರು ತಿಳಿದಿರಬಹುದು. ನಮಗೆ ಗೊತ್ತಿರುವುದೇ ಬೇರೆ. ರೊಬಸ್ಟಾ ಕೊಯ್ಲು ಮುಗಿಯುವ ಮೊದಲೇ ಮೆಣಸಿನ ಬಳ್ಳಿಗೆ ಏಣಿ ಇಡಬೇಕಾಗುತ್ತದೆ. ಅದರ ನಡುವೆಯೇ ಹೂವಿನ ನೀರಿಗೆಂದು ಸ್ಪ್ರಿಂಕ್ಲರ್ ಪೈಪುಗಳನ್ನು ಹೊತ್ತು ಗುಡ್ಡ ಹತ್ತಬೇಕು. ಅಡಿಕೆ ತೋಟಕ್ಕೆ ನೀರು ಬಿಡಬೇಕು, ಸೊಪ್ಪು ಹೊರಬೇಕು, ಕಣದಲ್ಲಿ ಕಾಫಿ ಹರವಿ ಹೊತ್ತುಹೊತ್ತಿಗೆ ಆಡಿಸಬೇಕು. ಇಷ್ಟೂ ಕೆಲಸ ನಿಂತಿರುವುದು ಕಾಲಿನ ಮೇಲೆ. ಗೊಬ್ಬರ, ಕಾಂಡಕೊರಕ, ಕೊಳೆರೋಗಗಳ ಬಗ್ಗೆ ನಾವು ಪುಟಗಟ್ಟಲೆ ಓದುತ್ತೇವೆ, ಗಂಟೆಗಟ್ಟಲೆ ಮಾತಾಡುತ್ತೇವೆ. ಕಾಲಿಗೆ ಹಾಕುವ ಮೆಟ್ಟಿಗೂ ಒಂದೆರಡು ಪುಟ ಮೀಸಲಿಟ್ಟರೆ ನಷ್ಟವೇನಿಲ್ಲ.

ನಮ್ಮ ಸದಸ್ಯರು ಸೇರಿದಲ್ಲೆಲ್ಲ ಕೇಳಿಬರುವ ಒಂದು ದೂರಿದೆ: "ದುಡ್ಡು ಕೊಟ್ಟು ಶೂ ತಂದುಕೊಟ್ಟೆವು, ಕೆಲಸದವರು ಹಾಕುವುದೇ ಇಲ್ಲ." ಮಾತು ಸುಳ್ಳಲ್ಲ. ಎಷ್ಟೋ ತೋಟಗಳಲ್ಲಿ ಶೂಗಳು ಸಾಲುಮನೆಯ ಮೊಳೆಯಲ್ಲಿ ನೇತಾಡುತ್ತವೆ, ಕಾಲುಗಳು ತರಗೆಲೆಯ ಮೇಲೆ ಓಡಾಡುತ್ತವೆ. ನಾವಾದರೂ ಏನು ಮಾಡುತ್ತೇವೆ? ಮನೆಯಿಂದ ಹೊರಡುವಾಗ ಮೆಟ್ಟಿದ್ದನ್ನು ಗಡಿಯ ಮರದ ಬುಡದಲ್ಲಿ ಬಿಟ್ಟು ತೋಟಕ್ಕೆ ಇಳಿಯುತ್ತೇವೆ. ಇದಕ್ಕೆ ಅಸಡ್ಡೆಯೇ ಕಾರಣವೆಂದು ಷರಾ ಬರೆಯುವುದು ಸುಲಭ. ಹತ್ತಿರ ಹೋಗಿ ಕೇಳಿದರೆ ಸಿಗುವ ಉತ್ತರ ಒಂದೇ: "ಕಚ್ಚುತ್ತದೆ." ಕಚ್ಚುವ ಮೆಟ್ಟನ್ನು ಯಾರೂ ಹಾಕುವುದಿಲ್ಲ, ಹಾಕದ ಮೆಟ್ಟು ಯಾರನ್ನೂ ಕಾಯುವುದಿಲ್ಲ. ಈ ಲೇಖನದ ಸಾರವೆಲ್ಲ ಇಷ್ಟೇ.

ಬರಿಗಾಲಿನ ಬೆಲೆ

ಬರಿಗಾಲಿನಲ್ಲಿ ಎಷ್ಟೋ ತಲೆಮಾರು ಬದುಕಿಲ್ಲವೇ ಎಂದು ಕೇಳುವವರಿದ್ದಾರೆ. ಬದುಕಿದ್ದು ನಿಜ, ಅದಕ್ಕೆ ಬೆಲೆ ತೆತ್ತದ್ದೂ ನಿಜ. ಕೊಕ್ಕೆಹುಳುವಿನ ಮರಿಗಳು ನೆರಳಿನ ಒದ್ದೆ ಮಣ್ಣಿನಲ್ಲಿ ಬದುಕುತ್ತವೆ, ಪಾದದ ಚರ್ಮದ ಮೂಲಕವೇ ಒಳಹೊಕ್ಕು ಕರುಳು ಸೇರಿ ರಕ್ತ ಹೀರುತ್ತವೆ. ನೆರಳು ಮತ್ತು ತೇವ, ನಮ್ಮ ತೋಟಗಳಲ್ಲಿ ಎರಡೂ ಧಾರಾಳ. ಇಲಿಜ್ವರದ ರೋಗಾಣುವಿಗೆ ಕಾಲಿನ ಸಣ್ಣ ಗಾಯವೇ ಹೆಬ್ಬಾಗಿಲು. ಇಲಿಯ ಮೂತ್ರ ಸೇರಿದ ಕಾಲುವೆಯ ನೀರಿನಲ್ಲಿ ಒಡೆದ ಬೊಬ್ಬೆಯ ಕಾಲಿಟ್ಟು ನಿಲ್ಲುವುದು ಅಪಾಯವನ್ನು ಕರೆದು ಮಣೆ ಹಾಕಿದಂತೆ.

ಇನ್ನು ಹಾವು. 2000ದಿಂದ 2019ರವರೆಗಿನ ಲೆಕ್ಕದಂತೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ. ಹೆಚ್ಚಿನವರು ಹಳ್ಳಿಯವರು, ಹೆಚ್ಚಿನ ಕಡಿತಗಳು ಕಾಲಿಗೆ. ಆಸ್ಪತ್ರೆಯಲ್ಲಿ ಸಿಗುವ ವಿಷನಿರೋಧಕ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆಂದು ತಯಾರಾದದ್ದು. ಪಶ್ಚಿಮ ಘಟ್ಟದ ತೋಟಗಳ ತರಗೆಲೆಯಲ್ಲಿ ಎಲೆಯ ಬಣ್ಣದಲ್ಲೇ ಮಲಗಿರುವ, ಮೂಗಿನ ತುದಿ ಮೇಲೆದ್ದ ಗಿಡ್ಡ ಮಂಡಲದ ಹಾವಿನ ವಿಷ ಆ ಮದ್ದಿಗೆ ಬಗ್ಗುವುದಿಲ್ಲ. ಹಾಗಿದ್ದ ಮೇಲೆ ಕಚ್ಚದಂತೆ ನೋಡಿಕೊಳ್ಳುವುದೇ ಮೊದಲ ಮದ್ದು. ಗಿಣ್ಣು ಮುಚ್ಚುವ ಶೂ ಪೂರ್ತಿ ಕಾಪಾಡುತ್ತದೆ ಎನ್ನಲಾರೆವು, ಅಪಾಯವನ್ನು ತಗ್ಗಿಸುವುದಂತೂ ಖಂಡಿತ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಚೀಪುವುದು ಯಾವುದೂ ಬೇಡ. ಕಾಲು ಅಲುಗಾಡಿಸದೆ ನೇರ ಆಸ್ಪತ್ರೆಗೆ ಒಯ್ಯಬೇಕು.

ಮೆಟ್ಟು ಏಕೆ ಕಚ್ಚುತ್ತದೆ?

ಚರ್ಮ ಉಜ್ಜಿ ಸವೆದು ಬೊಬ್ಬೆ ಏಳುತ್ತದೆ ಎಂದು ನಾವು ತಿಳಿದಿದ್ದೇವೆ. ನಡೆಯುವುದು ಸ್ವಲ್ಪ ಬೇರೆ. ಚರ್ಮದ ಮೇಲ್ಪದರ ಶೂವಿಗೆ ಅಂಟಿಕೊಂಡಂತೆ ನಿಲ್ಲುತ್ತದೆ, ಒಳಗಿನ ಎಲುಬು ಹೆಜ್ಜೆಹೆಜ್ಜೆಗೂ ಹಿಂದೆ ಮುಂದೆ ಜಾರುತ್ತದೆ. ಈ ಎಳೆದಾಟದಲ್ಲಿ ನಡುವಿನ ಪದರ ಹರಿದು ಅಲ್ಲಿ ನೀರು ತುಂಬುತ್ತದೆ. ಅದೇ ಬೊಬ್ಬೆ. ಬೆವರಿನ ತೇವ ಇದ್ದರೆ ಚರ್ಮ ಇನ್ನಷ್ಟು ಅಂಟುತ್ತದೆ, ಶೂ ಸಡಿಲವಿದ್ದರೆ ಕಾಲು ಇನ್ನಷ್ಟು ಜಾರುತ್ತದೆ. ಬಿಗಿಯಾದ ಶೂ ಮಾತ್ರ ಕಚ್ಚುತ್ತದೆ ಎನ್ನುವುದು ಅರ್ಧ ಸತ್ಯ. ಹಿಮ್ಮಡಿಯ ಬೊಬ್ಬೆಗಳಲ್ಲಿ ಎಷ್ಟೋ ಸಡಿಲ ಶೂವಿನ ಕೊಡುಗೆ. ಬೇಸಿಗೆಯಲ್ಲಿ ಬೆವರೂ ಉಂಟು, ಇಳಿಜಾರಿನ ತೋಟದಲ್ಲಿ ಜಾರುವುದೂ ಉಂಟು.

ಅಳತೆ ಕಾಲಿನದು, ಅಂದಾಜಿನದಲ್ಲ

ಹತ್ತು ಜನರಿಗೆಂದು ಏಳನೇ ನಂಬರಿನ ಹತ್ತು ಜೊತೆ ತಂದು ಹಂಚಿದರೆ ಅದು ಮೊಳೆಗೇ ಹೋಗುತ್ತದೆ. ನಂಬರಿನಿಂದ ನಂಬರಿಗೆ ವ್ಯತ್ಯಾಸ ಅಂಗುಲದ ಮೂರನೇ ಒಂದು ಭಾಗ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್. ಬೊಬ್ಬೆ ಏಳಲು ಅಷ್ಟು ಧಾರಾಳ ಸಾಕು.

ಸಂಜೆ ಕೆಲಸ ಬಿಡುವ ಹೊತ್ತಿಗೆ ಕಾಲು ಸ್ವಲ್ಪ ಊದಿರುತ್ತದೆ. ಅಳತೆ ತೆಗೆಯಬೇಕಾದದ್ದು ಆಗಲೇ. ರಟ್ಟಿನ ಮೇಲೆ ಕಾಲಿಟ್ಟು ಪೂರ್ಣ ಭಾರ ಹಾಕಿ ನಿಲ್ಲಿಸಿ, ಸುತ್ತ ಪೆನ್ಸಿಲಿನಿಂದ ಗೀಟು ಎಳೆಯಿರಿ. ಎರಡೂ ಕಾಲಿನದು ಬೇಕು, ಏಕೆಂದರೆ ಸಾಮಾನ್ಯವಾಗಿ ಒಂದು ಕಾಲು ಕೊಂಚ ದೊಡ್ಡದಿರುತ್ತದೆ. ರಟ್ಟು ಕತ್ತರಿಸಿ, ಹೆಸರು ಬರೆದು ಅಂಗಡಿಗೆ ಒಯ್ದರೆ ಅಂಗಡಿಯವರೊಡನೆ ವಾದವೇ ಬೇಡ. ಶೂವಿನ ಒಳಅಟ್ಟೆ ಹೊರತೆಗೆದು ಅದರ ಮೇಲೆ ರಟ್ಟು ಇಟ್ಟರೆ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು, ಪಕ್ಕಕ್ಕೆ ರಟ್ಟು ಹೊರಚಾಚಬಾರದು.

ಹೆಂಗಸರ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಕೊಯ್ಲಿನ ಕೆಲಸದ ದೊಡ್ಡ ಪಾಲು ಅವರದು, ಅಂಗಡಿಯಿಂದ ಬರುವ ಶೂಗಳು ಬಹುಪಾಲು ಗಂಡಸರ ಅಳತೆಯವು. ಗಂಡಸರ ಶೂವಿನಲ್ಲಿ ಅವರ ಹಿಮ್ಮಡಿ ಅಲ್ಲಾಡುತ್ತದೆ. ಮುಚ್ಚಿದ ಶೂವಿನ ಒಳಗೆ ಕಾಲುಂಗುರ ಪಕ್ಕದ ಬೆರಳನ್ನು ಒತ್ತಿ ಬೊಬ್ಬೆ ಎಬ್ಬಿಸುತ್ತದೆ. ಆದ್ದರಿಂದ ಕಾಲುಂಗುರ ಇದ್ದಂತೆಯೇ ಅಳತೆ ತೆಗೆದು, ಮುಂಭಾಗ ಅಗಲವಿರುವ ಶೂ ನೋಡಬೇಕು. ಅದರಿಂದಲೂ ಆಗದಿದ್ದರೆ ಬೆರಳ ನಡುವೆ ತೆಳು ಬಟ್ಟೆಯ ಪಟ್ಟಿ ಸುತ್ತಿಕೊಳ್ಳಬಹುದು.

ಕೆಲಸ ನೋಡಿ ಮೆಟ್ಟು ಆರಿಸುವುದೂ ಮುಖ್ಯ. ನೀರು ಬಿಡುವ, ಕಾಲುವೆ ಬಿಡಿಸುವ ಕೆಲಸಕ್ಕೆ ಗಂಬೂಟು ಸರಿ. ಅದನ್ನೇ ದಿನವಿಡೀ ಒಣ ಕೊಯ್ಲಿಗೆ ಹಾಕಿದರೆ ಕಾಲು ಬೆವರಿನಲ್ಲಿ ಬೇಯುತ್ತದೆ. ಕೊಯ್ಲಿಗೆ ರಬ್ಬರ್ ಅಟ್ಟೆಯ, ಗಿಣ್ಣು ಮುಚ್ಚುವ ಕ್ಯಾನ್ವಾಸ್ ಶೂ ಹಗುರ. ಏಣಿ ಹತ್ತುವವರಿಗೆ ಹವಾಯಿ ಚಪ್ಪಲಿ ಖಂಡಿತ ಕೂಡದು. ಕಾದ ಸಿಮೆಂಟಿನ ಕಣಕ್ಕೆ ಮಾತ್ರ ಹವಾಯಿ ಚಪ್ಪಲಿಯ ಒಂದು ಜೊತೆ ಬೇರೆಯೇ ಇರಲಿ. ಅದು ಕಣ ಬಿಟ್ಟು ಹೊರಗೆ ಹೋಗಬಾರದು. ಆಗ ಕಾಫಿಯೂ ಶುದ್ಧ, ಕಾಲೂ ತಣ್ಣಗೆ.

ಹೊಸ ಮೆಟ್ಟನ್ನು ಪಳಗಿಸುವುದು

ಹೊಸ ಎತ್ತನ್ನು ಮೊದಲ ದಿನವೇ ಇಡೀ ಹೊಲಕ್ಕೆ ಹೂಡುವವರಿಲ್ಲ. ಹೊಸ ಶೂವನ್ನು ಮಾತ್ರ ಕೊಯ್ಲಿನ ಮೊದಲ ದಿನ ಬೆಳಿಗ್ಗೆ ಹಾಕಿ ಸಂಜೆಯವರೆಗೆ ನಡೆಯುತ್ತೇವೆ! ಸೀಸನ್ನಿಗೆ ಎರಡು ವಾರ ಮೊದಲೇ ಕೊಂಡು, ಮೊದಲ ದಿನ ಮನೆಯ ಅಂಗಳದಲ್ಲಿ ಒಂದು ಗಂಟೆ, ಆಮೇಲೆ ಎರಡು ಗಂಟೆ, ಹೀಗೆ ಏರಿಸುತ್ತ ಹೋಗಬೇಕು. ಶೂ ಮೆತ್ತಗಾಗುತ್ತದೆ, ಕಾಲಿನ ಚರ್ಮವೂ ಗಟ್ಟಿಯಾಗುತ್ತದೆ.

ಬೇಸಿಗೆಯ ಮದುವೆ ಜಾತ್ರೆಗಳಿಗೆ ನಮ್ಮಲ್ಲಿ ಎಷ್ಟೋ ಮಂದಿ ಕೊಲ್ಹಾಪುರಿ ಚಪ್ಪಲಿ ಮೆಟ್ಟುತ್ತಾರೆ. ಹೆಸರು ಕೊಲ್ಹಾಪುರದ್ದಾದರೂ ನಮ್ಮ ಅಥಣಿಯ ಕಡೆಯ ಕುಶಲಿಗರೂ ಅದನ್ನು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. 2019ರಲ್ಲಿ ದೊರೆತ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳಿಗೂ ಸೇರಿದೆ. ಗಟ್ಟಿ ತೊಗಲಿನ ಈ ಚಪ್ಪಲಿ ಹೊಸದರಲ್ಲಿ ಕಚ್ಚುವುದಕ್ಕೂ ಹೆಸರುವಾಸಿ. ಬಾರಿನ ಒಳಮೈಗೆ, ಅಂಗುಷ್ಠದ ಉಂಗುರಕ್ಕೆ ಹರಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ತೆಳ್ಳಗೆ ಸವರಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಒರೆಸಿ ಕೈಯಿಂದ ಬಾಗಿಸಿ ನಾದಬೇಕು. ನಾಲ್ಕಾರು ದಿನಕ್ಕೆ ತೊಗಲು ಮಾತು ಕೇಳುತ್ತದೆ. ಪ್ಲಾಸ್ಟಿಕ್ ಸ್ಯಾಂಡಲ್ಲಿಗೆ ಎಣ್ಣೆಯಿಂದ ಪ್ರಯೋಜನವಿಲ್ಲ. ಅದರಲ್ಲಿ ಅಚ್ಚಿನ ಏಣು ಉಳಿದಿದ್ದರೆ ಬ್ಲೇಡಿನಿಂದ ಹೆರೆದು ನುಣುಪು ಮಾಡಬೇಕು.

ದಾರ ಕಟ್ಟುವುದರಲ್ಲೂ ಕ್ರಮವಿದೆ. ಹಿಮ್ಮಡಿಯನ್ನು ಶೂವಿನ ಹಿಂಬದಿಗೆ ಕುಟ್ಟಿ ಕೂರಿಸಿ, ಗಿಣ್ಣಿನ ಹತ್ತಿರದ ತೂತುಗಳಲ್ಲಿ ದಾರವನ್ನು ಬಿಗಿದು, ಬೆರಳಿನ ಕಡೆ ಸಡಿಲ ಬಿಡಬೇಕು. ಹೀಗೆ ಕಟ್ಟಿದರೆ ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಹೋಗಿ ಗುದ್ದುವುದಿಲ್ಲ. ಗಂಬೂಟಿಗೆ ದಾರವಿಲ್ಲವಾದ್ದರಿಂದ ಒಳಗೆ ಇನ್ನೊಂದು ಒಳಅಟ್ಟೆ ಹಾಕಿ ಸಡಿಲು ತುಂಬಬೇಕು. ಬೂಟಿನ ಅಂಚು ಮೀನಖಂಡವನ್ನು ಉಜ್ಜದಂತೆ ಅದಕ್ಕಿಂತ ಉದ್ದದ ಕಾಲುಚೀಲ ಧರಿಸಬೇಕು.

ಬೆವರು ಮತ್ತು ಕಾದ ಜಾಗ

ಹತ್ತಿಯ ಕಾಲುಚೀಲ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಣ್ಣೆ ಅಥವಾ ನೈಲಾನ್ ಮಿಶ್ರಿತವಾದದ್ದು ಬೇಗ ಆರುತ್ತದೆ. ಹತ್ತಿಯದೇ ಇದ್ದರೆ ಎರಡು ಜೊತೆ ಇಟ್ಟುಕೊಂಡು ಮಧ್ಯಾಹ್ನದ ಊಟದ ಹೊತ್ತಿಗೆ ಬದಲಿಸಿ. ಒದ್ದೆಯಾದದ್ದನ್ನು ಗಿಡದ ಮೇಲೆ ಒಣಗಹಾಕಿದರಾಯಿತು. ಆ ಅರ್ಧ ಗಂಟೆ ಶೂ ಬಿಚ್ಚಿ ಕಾಲಿಗೂ ಗಾಳಿ ಆಡಿಸಬೇಕು. ವ್ಯಾಸಲೀನ್ ಹಚ್ಚುವ ರೂಢಿ ಕೆಲವರಿಗಿದೆ. ಅದು ಮೊದಲು ಜಾರಿಸುತ್ತದೆ, ಕೆಲವು ಗಂಟೆ ಕಳೆದ ಮೇಲೆ ಚರ್ಮವನ್ನು ಮೆತ್ತಗೆ ಮಾಡಿ ಉಜ್ಜಾಟವನ್ನು ಹೆಚ್ಚಿಸುತ್ತದೆ. ಅದನ್ನೇ ನಂಬಿ ಇಡೀ ದಿನ ದುಡಿಯಲಾಗದು.

ಬೊಬ್ಬೆ ಏಳುವ ಮೊದಲು ಆ ಜಾಗ ಬಿಸಿಯಾಗಿ, ಕೆಂಪಾಗಿ ಉರಿಯುತ್ತದೆ. ಕೆಲಸ ನಿಲ್ಲಿಸಬೇಕಾದ ಗಳಿಗೆ ಅದೇ. ಒರೆಸಿ ಒಣಗಿಸಿ, ಔಷಧಿ ಅಂಗಡಿಯಲ್ಲಿ ಸಿಗುವ ಕಾಗದದ ಅಂಟುಪಟ್ಟಿಯನ್ನು ಸುಕ್ಕಿಲ್ಲದಂತೆ ಅಂಟಿಸಬೇಕು. 128 ಮಂದಿ ದೂರದ ಓಟಗಾರರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಈ ಅಗ್ಗದ ಪಟ್ಟಿಯಿಂದ ಬೊಬ್ಬೆಗಳು ಶೇಕಡಾ 40ರಷ್ಟು ತಗ್ಗಿದವು. ಐದು ನಿಮಿಷ ಕೂತರೆ ಐದು ದಿನದ ಕೆಲಸ ಉಳಿಯುತ್ತದೆ. ಹಾಗೆ ಕೂತವರನ್ನು ಗದರಿಸದಿರುವುದು ನಮ್ಮ ಜವಾಬ್ದಾರಿ.

ಬೊಬ್ಬೆ ಬಂದ ಮೇಲೆ

ಸಣ್ಣ ಬೊಬ್ಬೆಯನ್ನು ಒಡೆಯಬಾರದು. ಅದರ ಮೇಲಿನ ಚರ್ಮವೇ ಒಳ್ಳೆಯ ಬ್ಯಾಂಡೇಜು. ಸೋಪು ನೀರಿನಿಂದ ತೊಳೆದು ಮುಚ್ಚಿದರೆ ಸಾಕು. ದೊಡ್ಡದಾಗಿ ನಡೆಯಲು ಬಿಡದಿದ್ದರೆ ಕುದಿಸಿ ಶುದ್ಧ ಮಾಡಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಹೊರಬಿಟ್ಟು, ಚರ್ಮ ಕೀಳದೆ ಪಟ್ಟಿ ಕಟ್ಟಬೇಕು. ಸುಣ್ಣ, ಹೊಗೆಸೊಪ್ಪು, ಸೀಮೆಎಣ್ಣೆ ಯಾವುದನ್ನೂ ಹಚ್ಚಬೇಡಿ. ಕೀವು, ಊತ, ಜ್ವರ ಬಂದರೆ ವೈದ್ಯರನ್ನು ಕಾಣಬೇಕು. ಗೊಬ್ಬರದ ಮಣ್ಣು ತಾಗಿದ ಗಾಯವಾದರೆ ಧನುರ್ವಾಯು ಚುಚ್ಚುಮದ್ದಿನ ವಿಚಾರ ಕೇಳಬೇಕು.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಕಾಯಿಲೆ ಹಳೆಯದಾದಂತೆ ಹಲವರ ಪಾದ ಮರಗಟ್ಟುತ್ತದೆ. ಅಂಥವರಿಗೆ ಮೆಟ್ಟು ಕಚ್ಚುತ್ತದೆ, ಕಚ್ಚಿದ್ದು ತಿಳಿಯುವುದಿಲ್ಲ. ಸಂಜೆ ಕಾಲು ತೊಳೆಯುವಾಗ ಕಂಡ ಬೊಬ್ಬೆ ಹುಣ್ಣಾಗಿ, ಹುಣ್ಣು ಎಲುಬಿಗಿಳಿದು, ಬೆರಳನ್ನೋ ಕಾಲನ್ನೋ ತೆಗೆಯಬೇಕಾದ ಪ್ರಸಂಗಗಳು ಆಸ್ಪತ್ರೆಗಳಿಗೆ ಹೊಸವಲ್ಲ.

ಇದೇ ಪಾಠವನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಕುಷ್ಠರೋಗಿಗಳ ನಡುವೆ ದುಡಿದು ಕಲಿಸಿದರು. ರೋಗಿಗಳ ಪಾದ ಹಾಳಾಗುತ್ತಿದ್ದುದು ರೋಗದಿಂದಷ್ಟೇ ಅಲ್ಲ, ನೋವು ತಿಳಿಯದೆ ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡದಿಂದ ಎಂದು ಅವರು ತೋರಿಸಿದರು. ನಮಗೆ ಶತ್ರುವಾಗಿ ಕಾಣುವ ನೋವು ಎಂಥ ಕಾವಲುಗಾರ ಎಂಬುದು ಅದನ್ನು ಕಳೆದುಕೊಂಡವರಿಂದ ತಿಳಿಯಿತು. ಮರಗಟ್ಟಿದ ಕಾಲಿಗಾಗಿ ಮೆತ್ತನೆಯ ಎಂ.ಸಿ.ಆರ್. ರಬ್ಬರ್ ಅಟ್ಟೆಯ ಚಪ್ಪಲಿಗಳು ಈಗ ಸಿಗುತ್ತವೆ, ವೈದ್ಯರನ್ನು ಕೇಳಿ ಕೊಳ್ಳಬಹುದು. ಸಕ್ಕರೆ ಕಾಯಿಲೆಯವರು ಮನೆಯೊಳಗೂ ಬರಿಗಾಲಿನಲ್ಲಿ ಓಡಾಡಬಾರದು. ಮೆಟ್ಟುವ ಮೊದಲು ಶೂವಿನೊಳಗೆ ಕೈಯಾಡಿಸಿ ಕಲ್ಲು ಮುಳ್ಳು ನೋಡಬೇಕು. ರಾತ್ರಿ ದೀಪದ ಬೆಳಕಿನಲ್ಲಿ ಅಂಗಾಲು ಪರೀಕ್ಷಿಸಬೇಕು. ಬಗ್ಗಲಾಗದಿದ್ದರೆ ಕನ್ನಡಿ ಇದೆ, ಮನೆಯವರಿದ್ದಾರೆ. ಬೊಬ್ಬೆ ಕಂಡರೆ ಸೂಜಿ ಮುಟ್ಟದೆ ವೈದ್ಯರ ಬಳಿ ಹೋಗಬೇಕು.

ಒಟ್ಟಿನಲ್ಲಿ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟು. ಮುಂದಿನ ಕೊಯ್ಲಿಗೆ ಮೂರು ವಾರ ಮೊದಲು ಒಂದು ಸಂಜೆ ಬಿಡುವು ಮಾಡಿಕೊಂಡು, ಮನೆಯವರ, ಕೆಲಸದವರ ಕಾಲಿನ ಅಳತೆಗಳನ್ನು ರಟ್ಟಿನ ಮೇಲೆ ತೆಗೆಯಿರಿ. ಗೊಬ್ಬರಕ್ಕೆ, ಔಷಧಿಗೆ ಬರೆಯುವ ಪಟ್ಟಿಯಲ್ಲಿ ಕಾಲುಚೀಲ, ಅಂಟುಪಟ್ಟಿ ಎರಡನ್ನೂ ಸೇರಿಸಿ. ಕೊಟ್ಟ ಶೂವನ್ನು ಯಾರಾದರೂ ಮೊಳೆಗೆ ನೇತುಹಾಕಿದ್ದು ಕಂಡರೆ, ಏಕೆ ಹಾಕಲಿಲ್ಲ ಎಂದು ಗದರಿಸುವ ಬದಲು ಎಲ್ಲಿ ಕಚ್ಚುತ್ತದೆ ಎಂದು ಕೇಳಿ. ಉತ್ತರ ಸಿಕ್ಕ ಕೂಡಲೇ ಅರ್ಧ ಕೆಲಸ ಮುಗಿದಂತೆ.