ಹೈವೇಗೆ ಬಂತು ಫಾಸ್ಟ್ ಚಾರ್ಜರ್; ಊರಿಗೆ ಹೋಗಿ ಬರುವ ಲೆಕ್ಕ ಹೇಗೆ?

ಪೆಟ್ರೋಲ್ ಹಾಕಿಸಲು ಗಡಿ ದಾಟುವುದು ಮಡಕಶಿರಾ, ರಾಯದುರ್ಗ ಭಾಗದವರಿಗೆ ಹೊಸದೇನಲ್ಲ. ಆಂಧ್ರಕ್ಕಿಂತ ಕರ್ನಾಟಕದಲ್ಲಿ ಲೀಟರ್‌ಗೆ ನಾಲ್ಕಾರು ರೂಪಾಯಿ ಕಡಿಮೆ ಎಂದು ಅಗಳಿಯವರು ಶಿರಾಕ್ಕೆ, ಡಿ.ಹಿರೇಹಾಳಿನವರು ಬಳ್ಳಾರಿಗೆ ಹೋದಾಗ ಟ್ಯಾಂಕ್ ತುಂಬಿಸಿಕೊಂಡೇ ಬರುವುದು ವರ್ಷಗಳಿಂದ ನಡೆದು ಬಂದ ರೂಢಿ. ಈಗ ಎಲೆಕ್ಟ್ರಿಕ್ ಕಾರುಗಳ ಕಾಲ. ಬೆಂಗಳೂರಿನಲ್ಲಿ ದುಡಿಯುವ ಮಗ ಹಬ್ಬಕ್ಕೆ ಕರೆಂಟ್ ಕಾರಿನಲ್ಲೇ ಊರಿಗೆ ಬರುತ್ತೇನೆ ಎನ್ನುತ್ತಾನೆ. ಬಾಡಿಗೆ ಕಾರು ಓಡಿಸುವವರು ಡೀಸೆಲ್ ಬಿಟ್ಟು ಇದಕ್ಕೆ ಬದಲಾಗೋಣವೇ ಎಂದು ಯೋಚಿಸುತ್ತಿದ್ದಾರೆ. ಇಬ್ಬರನ್ನೂ ಕಾಡುವ ಪ್ರಶ್ನೆ ಒಂದೇ: ಬರುವುದೇನೋ ಸರಿ, ವಾಪಸ್ ಹೋಗುವುದು ಹೇಗೆ?

ಉತ್ತರ ಕಾರಿನ ಜಾಹೀರಾತಿನಲ್ಲಿ ಸಿಗುವುದಿಲ್ಲ. ನಾವೇ ಲೆಕ್ಕ ಹಾಕಬೇಕು. ಲೆಕ್ಕ ಕಷ್ಟವೇನಲ್ಲ.

ಕಂಪನಿ ಹೇಳುವ ಮೈಲೇಜ್, ರಸ್ತೆ ಕೊಡುವ ಮೈಲೇಜ್

ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯನ್ನು ಅಳೆಯುವುದು ಕಿಲೋವ್ಯಾಟ್ ಅವರ್‌ನಲ್ಲಿ. ಹೆಸರು ದೊಡ್ಡದು, ವಸ್ತು ಹಳೆಯದು. ಮನೆಯ ಕರೆಂಟ್ ಬಿಲ್ಲಿನಲ್ಲಿ 'ಯೂನಿಟ್' ಎಂದು ಬರೆದಿರುತ್ತದಲ್ಲ, ಅದೇ ಇದು. 30 ಕಿಲೋವ್ಯಾಟ್ ಅವರ್ ಬ್ಯಾಟರಿ ಎಂದರೆ 30 ಯೂನಿಟ್ ಹಿಡಿಯುವ ಬ್ಯಾಟರಿ.

2001ರಲ್ಲಿ ಬೆಂಗಳೂರಿನಿಂದ ಹೊರಬಂದ ಪುಟ್ಟ 'ರೇವಾ' ಕಾರು ಒಂದು ಸಲದ ಚಾರ್ಜ್‌ಗೆ 80 ಕಿ.ಮೀ. ಓಡುತ್ತದೆ ಎಂದು ಹೇಳಲಾಗಿತ್ತು. ಹೆಚ್ಚೆಂದರೆ ತುಮಕೂರಿನವರೆಗೆ! 2020ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ಇವಿಯಲ್ಲಿ 30.2 ಯೂನಿಟ್ ಬ್ಯಾಟರಿ ಇತ್ತು. ಪರೀಕ್ಷೆಯಲ್ಲಿ ದೊರೆತ ದೂರ 312 ಕಿ.ಮೀ. ಪೆನುಕೊಂಡ ಬಳಿಯ ಕಿಯಾ ಕಾರ್ಖಾನೆಯಲ್ಲಿ ತಯಾರಾಗಿ 2025ರ ಜುಲೈನಲ್ಲಿ ಮಾರುಕಟ್ಟೆಗೆ ಬಂದ ಕ್ಯಾರೆನ್ಸ್ ಕ್ಲಾವಿಸ್ ಇವಿಯಲ್ಲಿ 42 ಮತ್ತು 51.4 ಯೂನಿಟ್‌ಗಳ ಎರಡು ಬಗೆ. ಹೇಳಿರುವ ದೂರ 404 ಮತ್ತು 490 ಕಿ.ಮೀ.

ಈ ಅಂಕಿಗಳು ಸುಳ್ಳಲ್ಲ. ಆದರೆ ಅವು ಪ್ರಯೋಗಾಲಯದಲ್ಲಿ, ಕಡಿಮೆ ವೇಗದಲ್ಲಿ, ಉರುಳೆಗಳ ಮೇಲೆ ಕಾರು ಓಡಿಸಿ ತೆಗೆದ ಅಂಕಿಗಳು. ನಿಜವಾದ ರಸ್ತೆಯಲ್ಲಿ ಐದು ಜನ ಕುಳಿತು, ಎ.ಸಿ. ಹಾಕಿ, 80-90ರ ವೇಗದಲ್ಲಿ ಹೋದರೆ ಸಾಧಾರಣ ಕಾರು ಒಂದು ಯೂನಿಟ್‌ಗೆ ಆರರಿಂದ ಆರೂವರೆ ಕಿ.ಮೀ. ಕೊಡುತ್ತದೆ. ಬ್ಯಾಟರಿಯ ಯೂನಿಟ್ಟನ್ನು ಆರರಿಂದ ಗುಣಿಸಿ. ನಂಬಬಹುದಾದ ದೂರ ಸಿಗುತ್ತದೆ. 30 ಯೂನಿಟ್ ಇದ್ದರೆ 180, 42 ಇದ್ದರೆ 250, 51 ಇದ್ದರೆ 300 ಕಿ.ಮೀ. ಆಸುಪಾಸು. ಕೆಲವು ವರ್ಷ ಓಡಿದ ಸೆಕೆಂಡ್ ಹ್ಯಾಂಡ್ ಕಾರಾದರೆ ಇದರಲ್ಲೂ ಸ್ವಲ್ಪ ಕಳೆಯಬೇಕು.

ವೇಗ ಹೆಚ್ಚಿದಷ್ಟೂ ದೂರ ಕಡಿಮೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ರಾಯದುರ್ಗ, ಕಲ್ಯಾಣದುರ್ಗದ ಕಡೆಯವರಿಗೆ ಆಷಾಢದ ಗಾಳಿ ಎಂಥದ್ದೆಂದು ಹೇಳಬೇಕಿಲ್ಲ. ಗಾಳಿಯಂತ್ರಗಳನ್ನು ತಿರುಗಿಸುವ ಆ ಗಾಳಿ ಎದುರಿನಿಂದ ಬೀಸಿದರೆ ಕಾರಿನ ಯೂನಿಟ್ ಬೇಗ ಕರಗುತ್ತದೆ. ಏರುದಾರಿಯೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ರಾಯದುರ್ಗ ಸುಮಾರು 550 ಮೀಟರ್. ಆ ಎತ್ತರ ಹತ್ತಲಿಕ್ಕೇ ಒಂದೂವರೆ ಯೂನಿಟ್ ಹೆಚ್ಚು ಬೇಕು. ಎಂದರೆ ಬೆಂಗಳೂರಿನಿಂದ ಊರಿಗೆ ಬಂದಾಗ ಕಂಡ ಮೈಲೇಜ್ ವಾಪಸ್ ಹೋಗುವಾಗ ಸಿಗುವುದಿಲ್ಲ, ಹತ್ತು ಕಿ.ಮೀ. ಆದರೂ ಕಡಿಮೆಯಾಗುತ್ತದೆ.

ಫಾಸ್ಟ್ ಎಂದರೆ ಎಷ್ಟು ಫಾಸ್ಟ್?

ಮನೆಯ 15 ಆಂಪ್ ಸಾಕೆಟ್ ಗಂಟೆಗೆ ಸುಮಾರು 3 ಯೂನಿಟ್ ಕೊಡುತ್ತದೆ. ಕಂಪನಿಯವರು ಗೋಡೆಗೆ ಕೂಡಿಸಿ ಕೊಡುವ ಪೆಟ್ಟಿಗೆ ಗಂಟೆಗೆ 7 ಯೂನಿಟ್ ಕೊಡುತ್ತದೆ. ಹೆದ್ದಾರಿಯ ಫಾಸ್ಟ್ ಚಾರ್ಜರ್‌ಗಳು 30, 60, 120 ಕಿಲೋವ್ಯಾಟ್ ಹೀಗೆ ಬೇರೆ ಬೇರೆ ಶಕ್ತಿಯವು. ಆದರೆ ಬೋರ್ಡಿನ ಮೇಲೆ 120 ಎಂದಿದ್ದರೆ ನಿಮ್ಮ ಕಾರು 120 ತೆಗೆದುಕೊಳ್ಳುತ್ತದೆ ಎಂದಲ್ಲ. ಎಷ್ಟು ಕುಡಿಯಬೇಕೆಂದು ನಿರ್ಧರಿಸುವುದು ಕಾರು. ಮೊದಲ ನೆಕ್ಸಾನ್ ಶೇ. 80 ತುಂಬಲು ಒಂದು ಗಂಟೆ ಬೇಕೆಂದು ಕಂಪನಿಯೇ ಹೇಳಿತ್ತು. ಹೊಸ ಕ್ಲಾವಿಸ್‌ಗೆ 100 ಕಿಲೋವ್ಯಾಟ್ ಚಾರ್ಜರ್ ಸಿಕ್ಕರೆ ಶೇ. 10ರಿಂದ 80ಕ್ಕೆ 39 ನಿಮಿಷ ಸಾಕು ಎನ್ನುತ್ತದೆ ಅದರ ಕಂಪನಿ.

ಎಲ್ಲರೂ ಶೇ. 80 ಎಂದೇ ಹೇಳುವುದೇಕೆ? ನಲ್ಲಿಗೆ ಬಿಂದಿಗೆ ಇಟ್ಟಾಗ ಮೊದಲು ಜೋರಾಗಿ ಬಿಡುತ್ತೇವೆ. ನೀರು ಕಂಠಕ್ಕೆ ಬಂದಾಗ ಚೆಲ್ಲದಂತೆ ನಲ್ಲಿ ಸಣ್ಣ ಮಾಡುತ್ತೇವೆ. ಲಿಥಿಯಂ ಬ್ಯಾಟರಿಯೂ ಹಾಗೆಯೇ. ತುಂಬುತ್ತಾ ಬಂದಾಗ ಬಲವಂತವಾಗಿ ಕರೆಂಟ್ ನುಗ್ಗಿಸಿದರೆ ಅದು ಹಾಳಾಗುತ್ತದೆ. ಹೀಗಾಗಿ ಶೇ. 80 ದಾಟಿದ ಮೇಲೆ ಕಾರು ತಾನೇ ವೇಗ ಇಳಿಸುತ್ತದೆ. ಕೊನೆಯ ಶೇ. 20ಕ್ಕೆ ಹೆದ್ದಾರಿಯಲ್ಲಿ ಕಾಯುತ್ತಾ ಕೂರುವುದು ದಂಡ. ಆದ್ದರಿಂದ ಪ್ರಯಾಣದ ಲೆಕ್ಕವನ್ನು ತುಂಬಿದ ಬ್ಯಾಟರಿಯಿಂದಲ್ಲ, ಶೇ. 80ರಿಂದ ಹಾಕಬೇಕು.

ಕೊನೆಯ ಚಾರ್ಜರ್‌ನಿಂದ ಮನೆಗೆ

ಹೆದ್ದಾರಿಯ ಎರಡೂ ಬದಿಯಲ್ಲಿ ಪ್ರತಿ 25 ಕಿ.ಮೀ.ಗೆ ಒಂದು ಚಾರ್ಜಿಂಗ್ ಕೇಂದ್ರ ಇರಬೇಕೆಂದು ಕೇಂದ್ರ ಇಂಧನ ಸಚಿವಾಲಯ 2018ರ ಡಿಸೆಂಬರ್‌ನಲ್ಲೇ ಮಾರ್ಗಸೂಚಿ ಹೊರಡಿಸಿತು. 2023ರ ಮಾರ್ಚ್‌ನಲ್ಲಿ ಸರ್ಕಾರಿ ತೈಲ ಕಂಪನಿಗಳ ಪೆಟ್ರೋಲ್ ಬಂಕ್‌ಗಳಲ್ಲಿ 7,432 ಚಾರ್ಜಿಂಗ್ ಕೇಂದ್ರ ಹಾಕಲು 800 ಕೋಟಿ ರೂ. ಮಂಜೂರಾಯಿತು. 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಇದಕ್ಕೆಂದೇ 2,000 ಕೋಟಿ ರೂ. ಇಡಲಾಗಿದೆ. ಕೇಂದ್ರಗಳ ಸಂಖ್ಯೆಯಲ್ಲಿ 2024ರ ಕೊನೆಗೆ ಕರ್ನಾಟಕವೇ ದೇಶಕ್ಕೆ ಮೊದಲು. ಅಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಕೇಂದ್ರಗಳಿದ್ದವು. ಆದರೆ ಅವುಗಳಲ್ಲಿ ಬಹುಪಾಲು ಬೆಂಗಳೂರು ನಗರ ಜಿಲ್ಲೆಯಲ್ಲೇ ಇದ್ದವು!

ನಮ್ಮ ಊರುಗಳಿರುವುದು ಎರಡು ದೊಡ್ಡ ಹೆದ್ದಾರಿಗಳ ನಡುವೆ. ಪೂರ್ವಕ್ಕೆ ಪೆನುಕೊಂಡ, ಅನಂತಪುರದ ಮೇಲೆ ಹೋಗುವ ಹೈದರಾಬಾದ್ ಹೆದ್ದಾರಿ. ಪಶ್ಚಿಮಕ್ಕೆ ಶಿರಾ, ಹಿರಿಯೂರಿನ ಮೇಲೆ ಹೋಗುವ ಪುಣೆ ಹೆದ್ದಾರಿ. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದು ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಬೇರೆಯಾದರೂ ಎರಡೂ ಕಡೆಯವರ ಸ್ಥಿತಿ ಒಂದೇ: ಹೆದ್ದಾರಿ ಬಿಟ್ಟು ಒಳಗೆ ಬರಬೇಕು, ಮತ್ತೆ ಹೆದ್ದಾರಿಗೆ ಹೋಗಬೇಕು. ಆದ್ದರಿಂದ ಗಡಿ ಊರಿನವರು ಕೇಳಬೇಕಾದ್ದು 'ಕಾರು ಎಷ್ಟು ದೂರ ಓಡುತ್ತದೆ' ಎಂದಲ್ಲ. 'ಕೊನೆಯ ಚಾರ್ಜರ್‌ನಿಂದ ಮನೆಗೆ ಬಂದು, ಮತ್ತೆ ಅದೇ ಚಾರ್ಜರ್‌ಗೆ ಮುಟ್ಟುತ್ತದೆಯೇ' ಎಂದು.

ಒಂದು ಉದಾಹರಣೆ ನೋಡೋಣ. ಬೆಂಗಳೂರಿನಿಂದ ರಾಯದುರ್ಗಕ್ಕೆ ಸುಮಾರು 250 ಕಿ.ಮೀ. 30 ಯೂನಿಟ್ಟಿನ ಕಾರು ಹಿರಿಯೂರಿನ ಬಳಿ ಶೇ. 80 ತುಂಬಿಸಿಕೊಂಡರೆ ಕೈಯಲ್ಲಿರುವುದು 145 ಕಿ.ಮೀ. ಅಲ್ಲಿಂದ ಚಳ್ಳಕೆರೆ, ಮೊಳಕಾಲ್ಮೂರು ಮೇಲೆ ರಾಯದುರ್ಗ ನೂರು ಕಿ.ಮೀ. ಆಸುಪಾಸು. ಕಾರು ಮನೆಗೆ ಬರುತ್ತದೆ, ಆದರೆ ಉಳಿಯುವುದು ನಲವತ್ತೇ ಕಿ.ಮೀ. ಅದನ್ನು ನಂಬಿ ಮತ್ತೆ ಹಿರಿಯೂರಿಗೆ ಹೊರಡುವಂತಿಲ್ಲ, 50 ಕಿ.ಮೀ. ದೂರದ ಬಳ್ಳಾರಿ ಆಸ್ಪತ್ರೆಗೂ ಹೋಗುವಂತಿಲ್ಲ. ಅದೇ 51 ಯೂನಿಟ್ಟಿನ ಕಾರಾದರೆ ಶೇ. 80ಕ್ಕೆ 240 ಕಿ.ಮೀ. ಹೋಗಿ ಬರುವುದು ಹೇಗೋ ನಡೆಯುತ್ತದೆ.

ಮಡಕಶಿರಾದವರ ಲೆಕ್ಕ ಸ್ವಲ್ಪ ಹಗುರ. ಬೆಂಗಳೂರಿಗೆ ಸುಮಾರು 150 ಕಿ.ಮೀ., ಶಿರಾಕ್ಕೂ ಹಿಂದೂಪುರಕ್ಕೂ ನಲವತ್ತರ ಆಸುಪಾಸು. ಕೊಡಿಕೊಂಡದಿಂದ ಹಿಂದೂಪುರ, ಮಡಕಶಿರಾ, ರೊಳ್ಳ, ಅಗಳಿ ಮೇಲೆ ಶಿರಾಕ್ಕೆ ಸೇರುವ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 544ಇ.

ಊರಿಗೇಕೆ ಫಾಸ್ಟ್ ಚಾರ್ಜರ್ ಬೇಗ ಬರುವುದಿಲ್ಲ?

ಮಡಕಶಿರಾದ ಪಕ್ಕದ ಪಾವಗಡದ ತಿರುಮಣಿ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. 2019ರ ಕೊನೆಗೆ ಅದು ಪೂರ್ಣಗೊಂಡಿತು. ಇಷ್ಟೊಂದು ಕರೆಂಟ್ ಪಕ್ಕದಲ್ಲೇ ಇದ್ದರೂ ನಮಗೆ ಚಾರ್ಜರ್ ಇಲ್ಲವೇ ಎಂದು ಕೇಳಬಹುದು. ಅಲ್ಲಿ ಹುಟ್ಟುವ ವಿದ್ಯುತ್ ದೊಡ್ಡ ಲೈನಿನಲ್ಲಿ ರಾಜ್ಯದ ಗ್ರಿಡ್‌ಗೆ ಹೋಗುತ್ತದೆ. ಊರಿಗೆ ಬರುವುದು ಊರಿನ ಟ್ರಾನ್ಸ್‌ಫಾರ್ಮರ್‌ಗೆ ಎಷ್ಟು ತಾಕತ್ತಿದೆಯೋ ಅಷ್ಟೇ.

5 ಎಚ್.ಪಿ. ಪಂಪ್‌ಸೆಟ್‌ಗೆ ಬೇಕಾದ್ದು ಸುಮಾರು 3.7 ಕಿಲೋವ್ಯಾಟ್. 60 ಕಿಲೋವ್ಯಾಟ್‌ನ ಒಂದೇ ಚಾರ್ಜರ್ ಎಂದರೆ ಹದಿನಾರು ಪಂಪ್‌ಸೆಟ್ ಒಟ್ಟಿಗೆ ಆನ್ ಮಾಡಿದಂತೆ! ಹಳ್ಳಿಗಳಲ್ಲಿ ಕಾಣುವ 63 ಕೆವಿಎ ಟ್ರಾನ್ಸ್‌ಫಾರ್ಮರ್ ಒಂದನ್ನು ಅದೊಂದೇ ನುಂಗಿಬಿಡುತ್ತದೆ. ಬೇರೆ ಟ್ರಾನ್ಸ್‌ಫಾರ್ಮರ್, ಬೇರೆ ಲೈನ್ ಹಾಕಿಸಬೇಕು. ದಿನಕ್ಕೆ ಒಂದೆರಡು ಕಾರು ಬಂದರೆ ಹಾಕಿದ ಬಂಡವಾಳ ಹುಟ್ಟುವುದಿಲ್ಲ. ಚಾರ್ಜರ್‌ಗಳು ಮೊದಲು ದೊಡ್ಡ ಹೆದ್ದಾರಿ, ದೊಡ್ಡ ಊರು ಹುಡುಕಿಕೊಂಡು ಹೋಗುವುದು ಇದಕ್ಕೇ.

ಮನೆಯೇ ಚಾರ್ಜಿಂಗ್ ಸ್ಟೇಷನ್

ಹಾಗಾದರೆ ದಾರಿ? ಊರಿನ ಮನೆಯಲ್ಲಿ ಒಂದು ಸರಿಯಾದ 15 ಆಂಪ್ ಪಾಯಿಂಟ್. ರಾತ್ರಿ ಎಂಟಕ್ಕೆ ಹಾಕಿದರೆ ಬೆಳಗ್ಗೆ ಆರಕ್ಕೆ ನಷ್ಟ ಕಳೆದು 27-28 ಯೂನಿಟ್ ಸಿಗುತ್ತದೆ, ಎಂದರೆ 160 ಕಿ.ಮೀ. ಮೇಲಿನ ಉದಾಹರಣೆಯ ಕಾರಿನ ಸಮಸ್ಯೆ ಒಂದೇ ರಾತ್ರಿಯಲ್ಲಿ ತೀರಿತು. ಖರ್ಚೂ ಕಡಿಮೆ. ಹೆದ್ದಾರಿಯ ಫಾಸ್ಟ್ ಚಾರ್ಜರ್‌ನಲ್ಲಿ ತೆರಿಗೆ ಸೇರಿ ಯೂನಿಟ್‌ಗೆ ಸಾಮಾನ್ಯವಾಗಿ ಇಪ್ಪತ್ತು ರೂಪಾಯಿ ಆಸುಪಾಸು, ಕಿ.ಮೀ.ಗೆ ಮೂರು ರೂಪಾಯಿಗಿಂತ ಹೆಚ್ಚು. ಮನೆಯ ಕರೆಂಟಿನಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಪೆಟ್ರೋಲಿಗೆ ಗಡಿ ದಾಟುತ್ತಿದ್ದವರು ಇದಕ್ಕಾಗಿ ಹೊಸ್ತಿಲನ್ನೂ ದಾಟಬೇಕಿಲ್ಲ.

ಆದರೆ ಕೆಲವು ಎಚ್ಚರಿಕೆಗಳು ಕಡ್ಡಾಯ:

* ಹಳೆಯ ವೈರಿಂಗಿಗೆ ನೇರವಾಗಿ ಕಾರು ತಗುಲಿಸಬೇಡಿ. ಹತ್ತು ಗಂಟೆ ಒಂದೇ ಸಮನೆ ಹರಿಯುವ ಕರೆಂಟಿಗೆ ತೆಳು ವೈರು ಸುಟ್ಟುಹೋಗುತ್ತದೆ. ಮೀಟರ್ ಬೋರ್ಡಿನಿಂದ ಪ್ರತ್ಯೇಕ ದಪ್ಪ ವೈರು, ಪ್ರತ್ಯೇಕ ಎಂಸಿಬಿ, ಶಾಕ್ ಹೊಡೆಯದಂತೆ ತಡೆಯುವ ಆರ್‌ಸಿಸಿಬಿ ಹಾಕಿಸಿ.

* ಅರ್ಥಿಂಗ್ ಸರಿಯಿಲ್ಲದಿದ್ದರೆ ಬಹಳಷ್ಟು ಕಾರುಗಳು ಚಾರ್ಜನ್ನೇ ತೆಗೆದುಕೊಳ್ಳುವುದಿಲ್ಲ. ಹಬ್ಬಕ್ಕೆ ಬಂದ ರಾತ್ರಿ ಇದು ಗೊತ್ತಾದರೆ ಪ್ರಯೋಜನವಿಲ್ಲ. ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ.

* ಹಳ್ಳಿಯ ಎಷ್ಟೋ ಮನೆಗಳ ಮಂಜೂರಾದ ಲೋಡ್ ಒಂದೆರಡು ಕಿಲೋವ್ಯಾಟ್ ಮಾತ್ರ. ವಿದ್ಯುತ್ ಕಚೇರಿಯಲ್ಲಿ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ನಮ್ಮ ಕಡೆಗೆ ಎಪಿಎಸ್‌ಪಿಡಿಸಿಎಲ್, ಶಿರಾ, ಪಾವಗಡ, ಮೊಳಕಾಲ್ಮೂರು ಕಡೆಗೆ ಬೆಸ್ಕಾಂ, ಬಳ್ಳಾರಿ ಕಡೆಗೆ ಜೆಸ್ಕಾಂ.

* ಬೋರ್‌ವೆಲ್ಲಿನ ಉಚಿತ ಕರೆಂಟಿಗೆ ಕಾರು ತಗುಲಿಸುವುದು ಅಪರಾಧ. ಅದು ಬೆಳೆಗೆ ಕೊಟ್ಟದ್ದು.

* ಹೊರಡುವ ಮೊದಲು ಚಾರ್ಜರ್ ಇದೆಯೇ ಎಂದಷ್ಟೇ ಅಲ್ಲ, ಈ ಹೊತ್ತು ಕೆಲಸ ಮಾಡುತ್ತಿದೆಯೇ ಎಂದು ಫೋನಿನಲ್ಲಿ ನೋಡಿ ಅಥವಾ ಬಂಕಿಗೆ ಕರೆ ಮಾಡಿ. 2022ರ ಡಿಸೆಂಬರ್‌ನಲ್ಲಿ ಬಂದ ಸರ್ಕಾರದ 'ಇವಿ ಯಾತ್ರಾ' ಆ್ಯಪ್ ಹತ್ತಿರದ ಕೇಂದ್ರಗಳನ್ನು ತೋರಿಸುತ್ತದೆ. ಒಂದೊಂದು ಕಂಪನಿಗೂ ಒಂದೊಂದು ಆ್ಯಪ್ ಬೇಕಾಗುವುದರಿಂದ ಸಿಗ್ನಲ್ ಇರುವ ಕಡೆಯೇ ಹಾಕಿಕೊಂಡು, ಹಣ ತುಂಬಿಸಿಟ್ಟುಕೊಳ್ಳಿ.

* ಊರಿನಲ್ಲಿರುವಾಗ ಬ್ಯಾಟರಿ ಶೇ. 40ಕ್ಕಿಂತ ಕೆಳಗಿಳಿಯಲು ಬಿಡಬೇಡಿ. ನಡುರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಚಾರ್ಜ್ ಆಗುವವರೆಗೆ ಕಾಯಲು ಸಮಯವಿರುವುದಿಲ್ಲ. ಮಡಕಶಿರಾದವರಿಗೆ ಹಿಂದೂಪುರ, ರಾಯದುರ್ಗದವರಿಗೆ ಬಳ್ಳಾರಿ ಮುಟ್ಟುವಷ್ಟು ಕರೆಂಟ್ ಸದಾ ಕಾರಿನಲ್ಲಿರಲಿ.

ಕಾರು ಕೊಳ್ಳುವ ಮುನ್ನ ಷೋರೂಮಿಗೆ ಹೋಗುವುದು ಇದ್ದೇ ಇದೆ. ಅದಕ್ಕೂ ಮೊದಲು ಊರಿನ ಮನೆಯ ಮೀಟರ್ ಬೋರ್ಡಿನ ಮುಂದೆ ಒಮ್ಮೆ ನಿಂತು ನೋಡಿ. ಕಾರು ವಾಪಸ್ ಹೋಗುವ ದಾರಿ ಶುರುವಾಗುವುದು ಅಲ್ಲಿಂದ.