ಗಡ್‌ಬಡ್ ಗ್ಲಾಸಿನೊಳಗೆ ಅವ್ವನ ಖಾನಾವಳಿ

ಮಂಗಳೂರಿಗೆ ಕೆಲಸಕ್ಕೆ ಬಂದ ಮೊದಲ ವಾರ. ಆಫೀಸಿನ ಗೆಳತಿ ಹಂಪನಕಟ್ಟೆಯ ಮಾರ್ಕೆಟ್ ರಸ್ತೆಗೆ ಕರ್ಕೊಂಡು ಹೋಗಿ, ‘ಐಡಿಯಲ್‌ನಲ್ಲಿ ಗಡ್‌ಬಡ್ ತಿನ್ನದೆ ಮಂಗಳೂರು ನೋಡಿದ ಹಾಗೆ ಆಗುದಿಲ್ಲ ಮಾರಾಯ್ತಿ’ ಅಂದಳು. ನಾನು ಆಳಂದ ತಾಲ್ಲೂಕಿನ ಭೂಸನೂರಿನವಳು. ನಮ್ಮ ಕಡೆ ಗಡಬಡ ಅಂದ್ರೆ ಅವಸರ, ಗೊಂದಲ. ಅದನ್ನ ಎತ್ತರದ ಗ್ಲಾಸಿನಲ್ಲಿ ಹಾಕಿ ಕೊಡ್ತಾರೆ ಅಂತ ಯಾರಿಗೆ ಗೊತ್ತಿತ್ತು!

ಐಸ್‌ಕ್ರೀಮ್, ಹಣ್ಣಿನ ಹೋಳು, ಜೆಲ್ಲಿ, ಗೋಡಂಬಿ, ಎಲ್ಲ ಪದರ ಪದರ. ಅವಸರದಲ್ಲಿ ಇದ್ದಬದ್ದದ್ದನ್ನೆಲ್ಲ ಸೇರಿಸಿ ಕೊಟ್ಟಿದ್ದಕ್ಕೇ ಈ ಹೆಸರು ಬಂತು ಅನ್ನೋ ಕಥೆ ಇದೆ. ಹುಟ್ಟಿದ್ದು ಎಲ್ಲಿ ಅಂತ ಕೇಳಿದರೆ ಮಾತ್ರ ಜಗಳ ಶುರು. ಉಡುಪಿಯವರು ತಮ್ಮ ಡಯಾನಾ ಹೋಟೆಲಲ್ಲಿ ಅಂತಾರೆ, ಮಂಗಳೂರಿನವರು ಐಡಿಯಲ್‌ನಲ್ಲಿ ಅಂತಾರೆ.

ನನಗೆ ಹಿಡಿಸಿದ್ದು ಅಂಗಡಿಯ ಕಥೆ. ಇದನ್ನು ಕಟ್ಟಿದ ಪ್ರಭಾಕರ ಕಾಮತ್ ಅವರ ಮನೆಯ ವ್ಯಾಪಾರ ಮೊದಲು ಪಟಾಕಿಯದು. ಹಬ್ಬ ಮುಗಿದರೆ ಗಿರಾಕಿಯೂ ಮುಗಿದ ಹಾಗೆ. ವರ್ಷವಿಡೀ ಕೈಹಿಡಿಯುವ ಕಸುಬು ಬೇಕು ಅಂತ ಐಸ್‌ಕ್ರೀಮ್ ಮಾಡೋದು ಕಲಿತು, 1975ರ ಮೇ 1ರಂದು ಈ ಪಾರ್ಲರ್ ತೆರೆದರು. ಮುಂದೆ ಲಾಲ್‌ಬಾಗ್‌ನಲ್ಲಿ ‘ಪಬ್ಬಾಸ್’ ಬಂತು. ಜನ ಅವರನ್ನು ಪ್ರೀತಿಯಿಂದ ಕರೀತಿದ್ದದ್ದೇ ‘ಪಬ್ಬಾ ಮಾಮ್’ ಅಂತ. 2021ರಲ್ಲಿ ಅವರು ತೀರಿಕೊಂಡರು. ಈಗ ಮಗ ಮುಕುಂದ ಕಾಮತ್ ನಡೆಸ್ತಿದ್ದಾರೆ.

ಈ ಕಥೆ ಕೇಳ್ತಾ ನನಗೆ ಅವ್ವ ನೆನಪಾದಳು. ಊರ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಅವ್ವನದೊಂದು ಖಾನಾವಳಿ. ನಾಲ್ಕು ಮೇಜು, ಒಂದು ಒಲೆ. ಕಬ್ಬು ನುರಿಸೋ ಸೀಸನ್‌ನಲ್ಲಿ ಟ್ರ್ಯಾಕ್ಟರ್ ಡ್ರೈವರ್‌ಗಳು ಸಾಲುಗಟ್ಟಿ ಕೂತಿರ್ತಾರೆ. ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಎಣಗಾಯಿ, ಶೇಂಗಾ ಹಿಂಡಿ ಬಡಿಸಿ ಅವ್ವನಿಗೆ ಕೂರೋಕೂ ಪುರುಸೊತ್ತಿರಲ್ಲ. ಸೀಸನ್ ಮುಗೀತು ಅಂದ್ರೆ ನೊಣ ಹೊಡೆಯೋ ಕೆಲಸ. ನನ್ನ ಕಾಲೇಜು ಫೀಸು ಹುಟ್ಟಿದ್ದು ಆ ನಾಲ್ಕೈದು ತಿಂಗಳ ದುಡಿಮೆಯಲ್ಲೇ.

ಹೋದ ವರ್ಷ ಅವ್ವ ಫೋನಿನಲ್ಲಿ, ‘ಮುಂದಿನ ಸೀಸನ್‌ಗೆ ಬಾಗಿಲಾ ತೆರ್ಯಂಗಿಲ್ಲವ್ವಾ. ನೀನೂ ಬರಂಗಿಲ್ಲ, ನನ್ನ ಮಣಕಾಲೂ ಕೇಳಂಗಿಲ್ಲ’ ಅಂದಳು. ನನಗೆ ಉತ್ತರ ಹೊಳೀಲಿಲ್ಲ. ಕೆಲಸ ಬಿಟ್ಟು ಊರಿಗೆ ಹೋಗೋ ಧೈರ್ಯ ನನಗಿಲ್ಲ, ಇದ್ದದ್ದು ಹೇಳ್ತೀನಿ.

ಆದರೆ ಪಟಾಕಿಯಿಂದ ಐಸ್‌ಕ್ರೀಮಿಗೆ ದಾಟಿದ ಆ ಮನೆಯ ಲೆಕ್ಕ ತಲೆಯಲ್ಲೇ ಕೂತಿತ್ತು. ಸೀಸನ್ ಮುಗಿದ ಮೇಲೂ ಮಾರಾಟವಾಗೋದು ನಮ್ಮತ್ರ ಏನಿದೆ? ಖಡಕ್ ರೊಟ್ಟಿ! ವಾರಗಟ್ಟಲೆ ಕೆಡಲ್ಲ. ನಮ್ಮ ಜಿಲ್ಲೆಯ ಮಹಿಳಾ ಸಂಘಗಳು ‘ಕಲಬುರಗಿ ರೊಟ್ಟಿ’ ಹೆಸರಲ್ಲಿ ಆನ್‌ಲೈನ್‌ನಲ್ಲೂ ಮಾರ್ತಿವೆ.

ಈಗ ಓಣಿಯ ಇಬ್ಬರು ಅಕ್ಕಂದಿರು ರೊಟ್ಟಿ ಬಡೀತಾರೆ, ಅವ್ವ ಕುರ್ಚಿ ಮೇಲೆ ಕೂತು ಹದ ನೋಡ್ತಾಳೆ. ಮಂಗಳೂರು, ಬೆಂಗಳೂರಿನ ಗೆಳೆಯರ ಆರ್ಡರ್ ಬರೆದುಕೊಳ್ಳೋದು ನನ್ನ ಕೆಲಸ. ಲಾಭ ದೊಡ್ಡದಲ್ಲ. ಆದರೆ ಈ ಸೀಸನ್‌ಗೂ ಖಾನಾವಳಿಯ ಬಾಗಿಲು ತೆರೀತು.

ಮೊನ್ನೆ ಅವ್ವ ಮಂಗಳೂರಿಗೆ ಬಂದಿದ್ದಳು. ಮೊದಲು ಸಮುದ್ರ ತೋರಿಸಿದೆ, ಆಮೇಲೆ ಗಡ್‌ಬಡ್ ತಿನ್ನಿಸಿದೆ. ಗ್ಲಾಸಿನ ತಳದ ತನಕ ಚಮಚ ಇಳಿಸಿ, ‘ಇಷ್ಟ್ ತಣ್ಣಗಿಂದು ಇಟ್ಕೊಂಡು ಇವ್ರು ಮಳಿಗಾಲದಾಗ ಹ್ಯಾಂಗ್ ನಡಸ್ತಾರ?’ ಅಂದಳು.

ಖಾನಾವಳಿ ನಡೆಸೋಳ ಪ್ರಶ್ನೆ ಅದು.